ಹಳೆಯ ಊರಿನಲ್ಲಿ ಮನೆ ಕೊಳ್ಳುವ ಮುನ್ನ

ಯಾದಗಿರಿಯು 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ನಾಡಿನ 30ನೆಯ ಜಿಲ್ಲೆಯಾದ ಸಂಗತಿ ಓದುಗರಿಗೆ ವಿದಿತವೇ ಇದೆ. ಅದಕ್ಕೂ ಮೊದಲೇ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಯ ಒಣಬಯಲನ್ನು ಭತ್ತದ ಗದ್ದೆಯನ್ನಾಗಿಸಿತ್ತು. ನೀರು ಬಂದಲ್ಲಿ ಹಣ ಬಂತು. ಕಚೇರಿ ಬಂದಲ್ಲಿ ಜನ ಬಂದರು. ಇಂದು ಹಳ್ಳಿಯ ಸದ್ಗೃಹಸ್ಥರು ಮಕ್ಕಳ ವಿದ್ಯಾಭ್ಯಾಸಕ್ಕೆಂದು, ನೌಕರಿಯಿಂದ ನಿವೃತ್ತರಾದವರು ಮಠದ ನೆರಳಿನಲ್ಲಿ ಉಳಿದ ದಿನಗಳನ್ನು ಕಳೆಯಬೇಕೆಂದು, ಈ ಮೂರು ಊರುಗಳಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳಲು ಮುಂದಾಗುತ್ತಿದ್ದಾರೆ. ಜೀವಮಾನದ ಗಳಿಕೆಯೆಲ್ಲ ಒಂದೇ ದಿನ ಉಪನೋಂದಣಿ ಕಚೇರಿಯಲ್ಲಿ ಕೈ ಬದಲಾಗುತ್ತದೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಮ್ಮ ರೈತರು ಮನೆ ಕೊಳ್ಳುವಾಗ ಮಾತ್ರ ಮಾರುವವನ ಮುಖ ನೋಡಿ ಸುಮ್ಮನಾಗುತ್ತಾರೆ. ಈ ಕುರಿತು ಕೆಲವು ಮಾತುಗಳನ್ನು ಸದ್ಭಕ್ತರ ಮುಂದಿಡುವುದು ನಮ್ಮ ಉದ್ದೇಶವಾಗಿದೆ.

ಊರ ಹೊರಗಿನ ಹೊಸ ಬಡಾವಣೆಗಳ ಮಾತು ಬೇರೆ. ಅಲ್ಲಿ ಬಿನ್‌ಶೇತ್ಕಿ ಆದೇಶ, ಅನುಮೋದನೆಯಾದ ನಕ್ಷೆ, ಇ-ಖಾತೆ ಇವಿಷ್ಟನ್ನು ಸರಿಯಾಗಿ ನೋಡಿದರೆ ಬಹುಪಾಲು ಸಂಶಯ ನಿವಾರಣೆಯಾಗುತ್ತದೆ. ಕಾಲುವೆಗಾಗಿ ಸರ್ಕಾರವು ಸ್ವಾಧೀನಪಡಿಸಿಕೊಂಡ ಜಮೀನು ಪಹಣಿಯಲ್ಲಿ ಮಾತ್ರ ಹಳೆಯ ಒಡೆಯನ ಹೆಸರಿನಲ್ಲೇ ಉಳಿದಿರುವುದುಂಟು. ಅದನ್ನು ಭೂಸ್ವಾಧೀನ ಕಚೇರಿಯಲ್ಲಿ ವಿಚಾರಿಸಿದರಾಯಿತು. ನಾವು ಹೇಳಹೊರಟಿರುವುದು ಅಗಸಿಯ ಒಳಗಿನ ಊರನ್ನು ಕುರಿತು. ಕೋಟೆಯ ಗೋಡೆಗೆ ಒರಗಿದ ವಾಡೆಗಳು, ಗುಡಿಯ ಹಿಂದಿನ ಖಾಲಿ ಜಾಗಗಳು, ಮಠದ ಮಗ್ಗುಲಿನ ಹಿತ್ತಿಲುಗಳು ಇವುಗಳಿಗೆ ಸಂಬಂಧಿಸಿದ ತೊಡಕು ಇ-ಖಾತೆಯಲ್ಲಿ ಕಾಣುವಂಥದಲ್ಲ.

ಮೂರು ಆಳ್ವಿಕೆಯ ಕಾಗದಗಳು

ಸುರಪುರದ ಒಂದು ಹಳೆಯ ಮನೆಯ ಕಾಗದಗಳನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದರೆ ಈ ಸೀಮೆಯ ಇತಿಹಾಸವೇ ತೆರೆದುಕೊಳ್ಳುತ್ತದೆ. 1705ರಲ್ಲಿ ಔರಂಗಜೇಬನು ತನ್ನ ಕೊನೆಯ ಮುತ್ತಿಗೆಯನ್ನು ಹಾಕಿದ್ದು ಇಲ್ಲಿಯ ವಾಗಿನಗೇರಿಯ ಕೋಟೆಗೆ. ಆ ನಾಯಕರ ವಂಶದವರೇ ಸುರಪುರದಿಂದ ಸಂಸ್ಥಾನವನ್ನಾಳಿ ಗುಡಿಗಳಿಗೆ, ಮಠಗಳಿಗೆ, ದರ್ಗಾಗಳಿಗೆ, ಊರ ಸೇವಕರಿಗೆ ಸನದುಗಳನ್ನು ಬರೆದುಕೊಟ್ಟರು. 1840ರ ದಶಕದಲ್ಲಿ ಬಂದು 1853ರವರೆಗೆ ಇಲ್ಲಿದ್ದ ಮೆಡೋಸ್ ಟೇಲರ್ ಸಾಹೇಬನ ಕಾಲದಲ್ಲಿ ಬ್ರಿಟಿಷರ ಮೇಲ್ವಿಚಾರಣೆ ನಡೆಯಿತು. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಅದರ ಕುರುಹು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ವಿಫಲವಾಗಿ, 1860ರ ಒಪ್ಪಂದದಂತೆ ಸೀಮೆಯು ನಿಜಾಮರ ಪಾಲಾಯಿತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಭಾಗ ಕನ್ನಡ ನಾಡಿಗೆ ಬಂತು.

ಇದರಿಂದಾಗಿ ಒಂದೇ ಜಾಗಕ್ಕೆ ಸಂಸ್ಥಾನದ ಸನದು, ನಿಜಾಮರ ಕಾಲದ ಮುಂತಖಬ್, ನಮ್ಮ ಕಾಲದ ಪಹಣಿ ಹೀಗೆ ಮೂರು ಆಳ್ವಿಕೆಯ ಕಾಗದಗಳಿರಲು ಸಾಧ್ಯ. ಮುಂತಖಬ್ ಎಂದರೆ ಇನಾಮು ವಿಚಾರಣೆಯಾದ ಮೇಲೆ ಕೊಡುತ್ತಿದ್ದ ನಿರ್ಣಯದ ಪತ್ರ. ಅದರಲ್ಲಿ ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಎಂಬುದು ಉರ್ದುವಿನಲ್ಲಿ ನಮೂದಾಗಿರುತ್ತದೆ. ಕಾಲವನ್ನು ಫಸಲಿ ಸಂವತ್ಸರದಲ್ಲಿ ಬರೆದಿರುತ್ತಾರೆ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಂಗ್ಲಿಷ್ ವರ್ಷ ದೊರೆಯುತ್ತದೆ. 1954-55ರ ಖಾಸ್ರಾ ಪಹಣಿಯಂತೂ ಹೈದರಾಬಾದ್ ಸೀಮೆಯ ಎಲ್ಲ ಜಮೀನುಗಳಿಗೆ ಒಂದು ಮೂಲಗಲ್ಲಿನಂತಿದೆ. ಮಾರುವವರು ಸಾಮಾನ್ಯವಾಗಿ ಕಳೆದ 30 ವರ್ಷದ ಋಣಭಾರ ಪ್ರಮಾಣಪತ್ರವನ್ನು ತೋರಿಸಿ ಎಲ್ಲವೂ ಶುದ್ಧವಾಗಿದೆಯೆನ್ನುತ್ತಾರೆ. ಆ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಬಾಯಿಮಾತಿನ ಪಾಲುಪಟ್ಟಿಯಾಗಲಿ, ಇನಾಮಿನ ಷರತ್ತಾಗಲಿ, ಸ್ಮಾರಕದ ಗಡಿಯಾಗಲಿ ಅದರೊಳಗೆ ಬಾರವು. ಖಾತೆಯಾದರೂ ತೆರಿಗೆಯ ದಾಖಲೆಯೇ ಹೊರತು ಒಡೆತನದ ದಾಖಲೆಯಲ್ಲ. ಇನ್ನು ಈ ಭಾಗದಲ್ಲಿ ಇಂದಿಗೂ ನಡೆಯುವ ಬಾಂಡ್ ಪೇಪರಿನ ಖರೀದಿಯು ಖರೀದಿಯೇ ಅಲ್ಲ. ಮುಖ್ತಿಯಾರ ಪತ್ರ ಮತ್ತು ಕರಾರುಪತ್ರಗಳಿಂದ ಒಡೆತನ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ.

ದಾನದ ಭೂಮಿಯ ಗುರುತು

ಹಾಗಾದರೆ ಹಳೆಯ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ಬೆಲೆಯೆಷ್ಟು ಎಂಬುದಲ್ಲ; ಇದನ್ನು ಮೊಟ್ಟಮೊದಲು ಯಾರು, ಯಾರಿಗೆ, ಯಾತಕ್ಕಾಗಿ ಕೊಟ್ಟರು ಎಂಬುದು. ನಮ್ಮ ಪೂರ್ವಜರು ಈ ಪ್ರಶ್ನೆಗೆ ಉತ್ತರವನ್ನು ಕಲ್ಲಿನಲ್ಲೇ ಬಿಟ್ಟುಹೋಗಿದ್ದಾರೆ. ದೇವರ ದಾಸಿಮಯ್ಯನವರ ಮುದನೂರಿನ ಸೀಮೆಯಲ್ಲಾಗಲಿ, ಅನೇಕ ಗುಡಿಗಳ ಶಿರವಾಳದ ಸುತ್ತಿನಲ್ಲಾಗಲಿ ಹೊಲಗಳಲ್ಲಿ ನಡೆದಾಡುವವರು ಗಡಿಕಲ್ಲುಗಳನ್ನು ಕಣ್ಣಿಟ್ಟು ನೋಡಬೇಕು. ಲಿಂಗ, ಸೂರ್ಯ, ಚಂದ್ರ, ಹಸು-ಕರು ಕೆತ್ತಿದ ಕಲ್ಲು ನಿಂತಿದ್ದರೆ ಅದು ಶಿವಾಲಯಕ್ಕೋ ಮಠಕ್ಕೋ ಧಾರೆಯೆರೆದ ಭೂಮಿಯ ಎಲ್ಲೆ, ಮುಕ್ಕೊಡೆಯಿದ್ದರೆ ಬಸದಿಯದು, ವಾಮನನಿದ್ದರೆ ವೈಷ್ಣವ ದತ್ತಿಯದು. ಶಾಸನಗಳ ಕೊನೆಯಲ್ಲಿ ದಾನವನ್ನು ಅಪಹರಿಸಿದವನಿಗೆ ಶಾಪವಿರುವುದನ್ನು ಬಲ್ಲವರು ಬಲ್ಲರು. ಇಂದಿನ ನ್ಯಾಯಾಲಯವು ಆ ಶಾಪವನ್ನು ಎತ್ತಿ ಹಿಡಿಯುವುದಿಲ್ಲ, ಆದರೆ ದಾನದ ಉದ್ದೇಶವನ್ನು ಈಗಲೂ ಎತ್ತಿ ಹಿಡಿಯುತ್ತದೆ. ಎಂಟುನೂರು ವರ್ಷದ ಕಲ್ಲೊಂದರಿಂದಲೇ ಇಂದಿನ ಒಡೆತನ ತೀರ್ಮಾನವಾಗದು. ಅದು ಎಚ್ಚರಿಕೆ ಮಾತ್ರ. ಮುಂದಿನ ಕಾಗದಗಳನ್ನು ಹುಡುಕಿರೆಂದು ಅದು ಹೇಳುತ್ತದೆ.

ನಿಜಾಮರ ಕಾಲದ ಇನಾಮುಗಳಲ್ಲಿ ಬಗೆಗಳಿದ್ದವು. ವ್ಯಕ್ತಿಗೆ ಕೊಟ್ಟದ್ದು ಜಾತ್ ಇನಾಮು. ಜೀವನೋಪಾಯಕ್ಕೆ ಕೊಟ್ಟದ್ದು ಮದದ್ ಮಾಷ್. ಸೇವೆಯ ಷರತ್ತಿನ ಮೇಲೆ ಕೊಟ್ಟದ್ದು ಮಷ್ರೂತುಲ್ ಖಿದ್ಮತ್. ದೀಪಕ್ಕೆ, ಪೂಜೆಗೆ, ದಾಸೋಹಕ್ಕೆ, ದರ್ಗಾದ ಉರುಸಿಗೆ ಎಂದು ಬಿಟ್ಟ ಜಮೀನುಗಳೆಲ್ಲ ಇದರಲ್ಲಿ ಬರುತ್ತವೆ. 1955ರ ಹೈದರಾಬಾದ್ ಇನಾಮು ರದ್ದತಿ ಶಾಸನವು ಧಾರ್ಮಿಕ ಸಂಸ್ಥೆಗಳ ಇನಾಮುಗಳನ್ನು ಹೊರಗಿರಿಸಿತ್ತು. ಅನಂತರ ಬಂದ ಕಾನೂನುಗಳಲ್ಲಿ ಮರುಮಂಜೂರಾತಿಯಾಗುವಾಗ ಎಷ್ಟೋ ಕಡೆ ಸಂಸ್ಥೆಯ ಹೆಸರಿನ ಬದಲು ಪೂಜಾರಿಯ, ಮುಜಾವರನ ಅಥವಾ ಮಠಾಧಿಪತಿಯ ಸ್ವಂತ ಹೆಸರು ಪಹಣಿಗೆ ಏರಿತು. ಕೊಳ್ಳುವವನಿಗೆ ಕಾಣುವುದು ಆ ಹೆಸರು. ಕಾಣದೆ ಉಳಿಯುವುದು ಷರತ್ತು.

ಇಲ್ಲಿ ನಮ್ಮ ಸಮಾಜಕ್ಕೇ ತಟ್ಟುವ ಮಾತೊಂದನ್ನು ಮುಚ್ಚುಮರೆಯಿಲ್ಲದೆ ಆಡಬೇಕಾಗಿದೆ. ಕಾಗದಗಳನ್ನು ಓದಿಸಲೆಂದು ನಮ್ಮಲ್ಲಿಗೆ ಬರುವವರಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕರಿದ್ದರು. ಈ ಮೂರರಲ್ಲಿ ಒಂದು ಊರಿನಲ್ಲಿ ಮಠದ ಹಿತ್ತಿಲಿನ ಜಾಗವನ್ನು ಅಂದಿನ ಶ್ರೀಗಳಿಂದ ನೋಂದಣಿಯಾದ ಕ್ರಯಪತ್ರದ ಮೂಲಕವೇ ಪಡೆದಿದ್ದರು. ಬೆಲೆ ಪೇಟೆಯ ದರದ ಅರ್ಧಕ್ಕಿಂತ ಹೆಚ್ಚಿರಲಿಲ್ಲ. ಶ್ರೀಗಳು ಲಿಂಗೈಕ್ಯರಾದರು, ಹೊಸ ಸ್ವಾಮಿಗಳ ಪಟ್ಟಾಧಿಕಾರವಾಯಿತು, ಮರುವರ್ಷ ಶಿಕ್ಷಕರಿಗೆ ನ್ಯಾಯಾಲಯದ ನೋಟೀಸು ಬಂತು. ಮನೆಯು ಅಡಿಪಾಯದ ಮಟ್ಟಕ್ಕೇ ನಿಂತಿತು. ಮುಂತಖಬ್ ನೋಡಿದ್ದಿರಾ ಎಂದು ನಾವು ಕೇಳಿದಾಗ ಅವರು ಹೇಳಿದ್ದಿಷ್ಟು: “ಅಪ್ಪಾರು ಕೊಟ್ಟಾರ್ರಿ, ಅದರಾಗ ಏನ್ ಕೇಳೂದು?”

ಭಕ್ತಿಯ ದೃಷ್ಟಿಯಿಂದ ಆ ಮಾತು ದೊಡ್ಡದು. ಕಾನೂನಿನ ದೃಷ್ಟಿಯಿಂದ ಅದೇ ಮುಳುವಾಯಿತು. ಮಠಾಧಿಪತಿಗೆ ಮಠದ ಆಸ್ತಿಯಲ್ಲಿ ವಿಶೇಷ ಹಕ್ಕಿದೆಯೆಂದು ಶಿರೂರು ಮಠದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲೇ ಒಪ್ಪಿದೆ. ಆದರೆ ಅದು ಗೃಹಸ್ಥನೊಬ್ಬನಿಗೆ ತನ್ನ ಸ್ವಂತ ಹೊಲದಲ್ಲಿರುವ ಹಕ್ಕಿನಂಥದಲ್ಲ. ಸಂಸ್ಥೆಗೆ ಅನಿವಾರ್ಯವಾದ ಅಗತ್ಯ ಅಥವಾ ಸ್ಪಷ್ಟವಾದ ಪ್ರಯೋಜನ ಇದ್ದ ಹೊರತು ಪರಭಾರೆಯು ನಿಲ್ಲಲಾರದು. ಆ ಅಗತ್ಯ ಇತ್ತೆಂದು ತೋರಿಸುವ ಹೊಣೆ ಕೊಂಡವನದೇ ಆಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ನಮ್ಮ ಭಕ್ತರಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ತಿಳಿದಿರಲಾರದು. 1963ರ ಕಾಲಮಿತಿ ಶಾಸನದ 96ನೆಯ ಅನುಚ್ಛೇದದ ಪ್ರಕಾರ, ಹಿಂದಿನ ಅಧಿಪತಿಯು ಮಾರಿದ ಧಾರ್ಮಿಕ ದತ್ತಿಯ ಆಸ್ತಿಯನ್ನು ಮರಳಿ ಪಡೆಯಲು ಮುಂದಿನ ಅಧಿಪತಿಗೆ 12 ವರ್ಷಗಳ ಅವಕಾಶವಿದೆ. ಆ 12 ವರ್ಷಗಳ ಎಣಿಕೆ ಕ್ರಯಪತ್ರದ ದಿನದಿಂದ ಆರಂಭವಾಗುವುದಿಲ್ಲ. ಮಾರಿದವರು ಮರಣಿಸಿದ, ರಾಜೀನಾಮೆ ಕೊಟ್ಟ ಅಥವಾ ಅಧಿಕಾರ ಕಳೆದುಕೊಂಡ ದಿನ ಇಲ್ಲವೆ ಹೊಸಬರು ಅಧಿಕಾರಕ್ಕೆ ಬಂದ ದಿನ, ಇವೆರಡರಲ್ಲಿ ಯಾವುದು ಈಚಿನದೋ ಅಂದಿನಿಂದ ಆರಂಭವಾಗುತ್ತದೆ. ಅಂದರೆ ಶ್ರೀಗಳು ಮಾರಿ 30 ವರ್ಷ ಬಾಳಿದರೂ ಕೊಂಡವನು ನಿಶ್ಚಿಂತನಲ್ಲ.

ಹೊಸ ಸ್ವಾಮಿಗಳು ದಾವೆ ಹೂಡಿದ್ದು ತಪ್ಪೆಂದು ನಾವು ಹೇಳಲಾರೆವು. ದಾಸೋಹಕ್ಕೆ ಬಿಟ್ಟ ಭೂಮಿಯನ್ನು ಉಳಿಸಿಕೊಳ್ಳುವುದು ಅವರ ಕರ್ತವ್ಯ. ಅಗ್ಗಕ್ಕೆ ಸಿಕ್ಕಿದ ಮಠದ ಜಾಗವನ್ನು ಪ್ರಸಾದವೆಂದು ಭಾವಿಸುವ ರೂಢಿಯೇ ನಮ್ಮಲ್ಲಿ ಬದಲಾಗಬೇಕು.

ವಿರಕ್ತ ಮಠಗಳಲ್ಲಿ ಈ ವಿಷಯ ಕೊಂಚ ಸರಳ. ಪುತ್ರವರ್ಗದ ಮಠಗಳಲ್ಲಿ ತೊಡಕು ಹೆಚ್ಚು. ಊರೂರಿಗೆ ಹಿರೇಮಠವೆಂಬ ಮನೆಯಿದೆ. ಅಲ್ಲಿ ಅಯ್ಯನವರ ಕುಟುಂಬ ತಲೆಮಾರುಗಳಿಂದ ವಾಸವಾಗಿದ್ದು, ಒಳಗೆ ಗದ್ದುಗೆಯಿದ್ದು, ಹೊಲಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿರುತ್ತವೆ. ಆ ಹೊಲ ಮನೆತನದ ಸ್ವಂತದ್ದೋ, ಗದ್ದುಗೆಯ ಸೇವೆಗೆ ಬಿಟ್ಟದ್ದೋ? ಒಳಗಿರುವವರಿಗೇ ಗೊತ್ತಿರುವುದಿಲ್ಲ. ಮುಂತಖಬ್‌ನಲ್ಲಿ ಜಾತ್ ಎಂದಿದೆಯೋ ಸೇವೆಯೆಂದಿದೆಯೋ ನೋಡದೆ ಅಂಥ ಜಮೀನನ್ನು ಮುಟ್ಟಬಾರದೆಂಬುದು ನಮ್ಮ ಅಭಿಪ್ರಾಯ.

ಮಠಕ್ಕೆ ಹೇಳಿದ ಮಾತು ಮುಜರಾಯಿ ಗುಡಿಗೂ ವಕ್ಫ್ ಆಸ್ತಿಗೂ ಸಲ್ಲುತ್ತದೆ. 2024ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ವಕ್ಫ್ ನೋಟೀಸುಗಳಿಂದೆದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಗದ್ದಲದಿಂದ ಯಾರಿಗೂ ಉಪಯೋಗವಿಲ್ಲ. ಪಹಣಿಯ 11ನೆಯ ಕಾಲಂ ನೋಡುವುದು, ಗೆಜೆಟ್ಟಿನಲ್ಲಿ ಸರ್ವೆ ನಂಬರು ಇದೆಯೇ ಎಂದು ಪರಿಶೀಲಿಸುವುದು, ಜಿಲ್ಲಾ ವಕ್ಫ್ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯುವುದು ಇವೇ ದಾರಿ. 2025ರಲ್ಲಿ ವಕ್ಫ್ ಕಾನೂನಿಗೆ ತಿದ್ದುಪಡಿಯಾಗಿ, ಅದರ ಕೆಲವು ಭಾಗಗಳಿಗೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಡೆ ಕೊಟ್ಟಿರುವುದರಿಂದ, ಹಳೆಯ ತಿಳಿವಳಿಕೆಯ ಮೇಲೆ ನಡೆಯದೆ ವಕೀಲರನ್ನು ಕೇಳುವುದು ಲೇಸು.

ಬಡವರಿಗೆ ಕೊಟ್ಟ ಭೂಮಿಯೂ ಇದೇ ಸಾಲಿನದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲವೆಂದು 1978ರ ಶಾಸನವಿದೆ. ಕೊಂಡರೆ ಕ್ರಯವೇ ಅಸಿಂಧು. ಭೂಮಿ ಮೂಲದವರಿಗೆ ಹೋಗುತ್ತದೆ, ಕೊಟ್ಟ ಹಣ ಬರುವುದಿಲ್ಲ. ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿಯು ಹೇಳಿದೆ. ತಳವಾರಿಕೆ, ವಾಲೀಕಾರಿಕೆಯಂಥ ಊರ ಚಾಕರಿಯ ಜಮೀನುಗಳಿಗೆ 1961ರ ಗ್ರಾಮಾಧಿಕಾರ ರದ್ದತಿ ಶಾಸನವಿದ್ದು, ಮರುಮಂಜೂರಾದ ಜಮೀನಿನ ಪರಭಾರೆಗೆ 1978ರ ತಿದ್ದುಪಡಿಯು 15 ವರ್ಷದ ನಿರ್ಬಂಧ ಹಾಕಿತು. ಸುರಪುರ ಸೀಮೆಯಲ್ಲಿ ಬೇಡ ನಾಯಕ ಬಂಧುಗಳ ಇಂಥ ಜಮೀನುಗಳು ಬಹಳ. ಕಷ್ಟಕಾಲದಲ್ಲಿ ಅವರಿಂದ ಅಗ್ಗಕ್ಕೆ ಬರೆಸಿಕೊಂಡ ಉಳ್ಳವರು ಮುಂದೆ ಕಾನೂನನ್ನು ಶಪಿಸುವುದನ್ನು ನಾವು ಕೇಳಿದ್ದೇವೆ. ಆ ಕಾನೂನು ಹುಟ್ಟಿದ್ದೇ ಅಂಥ ಬರೆಸಿಕೊಳ್ಳುವಿಕೆಯನ್ನು ತಡೆಯಲಿಕ್ಕೆ.

ಬಂಡೆಯೂ ಸ್ಮಾರಕವಾಗಬಹುದು

ಇನ್ನು ಎರಡನೆಯ ಸಂಗತಿ. ಒಡೆತನ ಶುದ್ಧವಾಗಿದ್ದರೂ ಕಟ್ಟಲು ಅವಕಾಶವಿಲ್ಲದ ಜಾಗಗಳಿವೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಹೊಲದಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಲ್ಲುಗಳಿವೆ. ತಿಳಿಯದವರಿಗೆ ಅವು ಬರಿಯ ಬಂಡೆಗಳು. ಟೇಲರ್ ಸಾಹೇಬನು ಅವುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿ ಬರೆದನು. ಇಂದು ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಬೃಹತ್ ಶಿಲಾಯುಗದ ನೆಲೆ. ಹುಣಸಗಿಯ ಸಮೀಪದ ಇಸಾಂಪುರದಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ದೊರೆತಿದ್ದು, ಅವುಗಳ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಆದ್ದರಿಂದ ಸ್ಮಾರಕವೆಂದರೆ ಗೋಪುರ ಇರಲೇಬೇಕೆಂದು ಈ ಸೀಮೆಯಲ್ಲಿ ಭಾವಿಸಬಾರದು.

ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಶಾಸನವಿದೆ. 1992ರ ಜೂನ್ 16ರ ಅಧಿಸೂಚನೆ ಮತ್ತು 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಆರಂಭವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತವೆಂದು ಘೋಷಿಸಿದ ಜಾಗದ ಗಡಿಯಿಂದ ಎಂಬುದನ್ನು ಮರೆಯಬಾರದು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಏಳುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಗೆ ದುರಸ್ತಿ, ನವೀಕರಣಗಳನ್ನು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ಮಾಡಬಹುದು. ಹೀಗಿರುವುದರಿಂದ ಅಂಥ ಮನೆಯನ್ನು ಕೊಳ್ಳುವವರು 1992ಕ್ಕಿಂತ ಹಿಂದಿನ ತೆರಿಗೆ ರಸೀದಿ, ವಿದ್ಯುತ್ ಬಿಲ್ಲುಗಳನ್ನು ಮಾರುವವರಿಂದ ತಪ್ಪದೆ ಕೇಳಿ ಪಡೆಯಬೇಕು. ಹಣದಷ್ಟೇ ಬೆಲೆಯ ಕಾಗದಗಳವು. ನಿಯಮ ಮೀರಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯದ ಸ್ಮಾರಕಗಳಿಗೆ 1961ರ ಪ್ರತ್ಯೇಕ ಶಾಸನವಿದ್ದು, ಅದರ ಪಟ್ಟಿಯೂ ಬೇರೆ.

ಒಡೆತನವಿದ್ದರೂ ಕಟ್ಟಡ ಉಳಿಯದೆಂಬುದಕ್ಕೆ ಕೊಪ್ಪಳ ಜಿಲ್ಲೆಯ ನಿದರ್ಶನ ಸಾಕು. ಹಂಪಿಯೆದುರು ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯಲ್ಲಿ ಜಮೀನಿನ ಒಡೆಯರು ಹೋಟೆಲು, ವಸತಿಗೃಹಗಳನ್ನು ನಡೆಸುತ್ತಿದ್ದರು. 1988ರ ಅಕ್ಟೋಬರ್ 22ರ ಅಧಿಸೂಚನೆಯು ಸ್ಮಾರಕಗಳಿಗಷ್ಟೇ ಅನ್ವಯಿಸುತ್ತದೆ, ತಮ್ಮ ಜಮೀನಿಗಲ್ಲ ಎಂಬುದು ಅವರ ವಾದವಾಗಿತ್ತು. ಅಧಿಸೂಚನೆಯಲ್ಲಿ ಹೆಸರಿಸಿದ ಗ್ರಾಮವೇ ಸಂರಕ್ಷಿತವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿ 11ರಂದು ತೀರ್ಪಿತ್ತಿತು. ಮರುತಿಂಗಳೇ ಯಂತ್ರಗಳು ಬಂದು ಕಟ್ಟಡಗಳನ್ನು ಕೆಡವಿದವು. ಮೂವತ್ತೆರಡು ವರ್ಷದ ಹಿಂದಿನ ಒಂದು ಹಾಳೆಯನ್ನು ಸಕಾಲದಲ್ಲಿ ಓದಿದ್ದರೆ ಎಷ್ಟೋ ಕುಟುಂಬಗಳ ಬಂಡವಾಳ ಉಳಿಯುತ್ತಿತ್ತು.

ಯಾವ ಪಟ್ಟಿಯಲ್ಲೂ ಇಲ್ಲದ ಕೋಟೆಯ ಗೋಡೆ, ಹುಡೇವು, ಕಂದಕಗಳಿಗೆ ಒಡೆಯರಿಲ್ಲವೆಂದು ತಿಳಿದು ಗೋಡೆಗೆ ಗೋಡೆ ಹಚ್ಚಿ ಮನೆ ಏರಿಸಿದವರಿದ್ದಾರೆ. ಕಂದಕ, ಕೆರೆಯಂಗಳ, ಹಳ್ಳ, ಓಣಿಗಳು ಭೂಕಂದಾಯ ಶಾಸನದ 67ನೆಯ ಕಲಮಿನಂತೆ ಸರ್ಕಾರದವು. ಪಹಣಿಯಲ್ಲಿ ‘ಖರಾಬು ಬ’ ಎಂದೋ, ಹಳೆಯ ದಾಖಲೆಯಲ್ಲಿ ‘ಖಾರಿಜ್ ಖಾತಾ’, ‘ಗಾಯರಾಣ’ ಎಂದೋ ಕಂಡಲ್ಲಿ ಹಿಂದಿರುಗುವುದೇ ಮೇಲು. ಅಡಿಪಾಯ ತೋಡುವಾಗ ನಾಣ್ಯವೋ ಕೊಪ್ಪರಿಗೆಯೋ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ. ನಿಧಿಯ ಆಸೆಗೆ ಹಳೆಯ ಮನೆ ಕೊಳ್ಳುವವರೂ ಈ ಸೀಮೆಯಲ್ಲಿ ಇಲ್ಲದಿಲ್ಲ, ಅವರಿಗೆ ನಮ್ಮ ಉಪದೇಶವಿಲ್ಲ.

ಹೆಣ್ಣುಮಕ್ಕಳ ಸಹಿ

ವಾಡೆಗಳ ಒಳಗಿನ ತೊಡಕನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅಜ್ಜನ ಹೆಸರಿನಲ್ಲಿರುವ ವಾಡೆಯನ್ನು ಮನೆಯ ಗಂಡಸರಷ್ಟೇ ಸೇರಿ ಮಾರುವುದು ನಮ್ಮಲ್ಲಿ ನಡೆದುಬಂದಿದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲಿದೆಯೆಂದು 2005ರ ತಿದ್ದುಪಡಿಯನ್ನು ಅರ್ಥೈಸಿ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಹೇಳಿದೆ. ಕರ್ನಾಟಕದಲ್ಲಂತೂ 1994ರಲ್ಲೇ ಅಂಥ ತಿದ್ದುಪಡಿ ಬಂದಿತ್ತು. ಲಾತೂರಿಗೋ ಸೊಲ್ಲಾಪುರಕ್ಕೋ ಕೊಟ್ಟ ಅಕ್ಕತಂಗಿಯರ ಸಹಿ ಇಲ್ಲದ ಕ್ರಯಪತ್ರವು ಮುಂದೆ ಪಾಲಿನ ದಾವೆಗೆ ದಾರಿಯಾದೀತು. ವಂಶವೃಕ್ಷವನ್ನು ಕಂದಾಯ ಕಚೇರಿಯಿಂದ ಪಡೆದು, ಓಣಿಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ತಾಳೆ ನೋಡಬೇಕು. ಯಾವ ಮನೆಯ ಮಗಳನ್ನು ಯಾವ ಊರಿಗೆ ಕೊಟ್ಟರೆಂಬುದು ಅವರಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿದಿರದು.

ಹಾಗಾದರೆ ಮಾಡಬೇಕಾದದ್ದೇನು? ಸರ್ವೆ ನಂಬರನ್ನು ಹಿಡಿದು ಖಾಸ್ರಾ ಪಹಣಿಯಿಂದ ಇಂದಿನವರೆಗಿನ ಪಹಣಿ ಮತ್ತು ಫೇರಫಾರುಗಳ ದೃಢೀಕೃತ ನಕಲುಗಳನ್ನು ತಹಸೀಲ ಕಚೇರಿಯ ದಾಖಲೆ ಕೋಣೆಯಿಂದ ಪಡೆಯಬೇಕು. ಉರ್ದು ಕಾಗದವಿದ್ದರೆ ಮಾರುವವರ ಬಾಯಿಂದ ಅದರ ಅರ್ಥ ಕೇಳದೆ, ಸಂಬಂಧವಿಲ್ಲದ ಉರ್ದು ಬಲ್ಲ ಹಿರಿಯರೊಬ್ಬರಿಂದ ಅಕ್ಷರಶಃ ಓದಿಸಿ ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಸ್ಮಾರಕದ ಸಂಶಯವಿದ್ದರೆ ಕೇಂದ್ರ ಮತ್ತು ರಾಜ್ಯ ಪುರಾತತ್ತ್ವ ಇಲಾಖೆಗಳೆರಡಕ್ಕೂ ಸರ್ವೆ ನಂಬರು ಸಹಿತ ಮಾಹಿತಿ ಹಕ್ಕಿನ ಅರ್ಜಿ ಕಳುಹಿಸಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾನೂನಿದೆ. ನೆರೆಹೊರೆಯವರ, ಬಾಡಿಗೆದಾರರ ಬಾಯಿಮಾತನ್ನೂ ಕೇಳತಕ್ಕದ್ದು, ಏಕೆಂದರೆ ಜಾಗದಲ್ಲಿ ಬೇರೊಬ್ಬರು ವಾಸವಾಗಿದ್ದರೆ ಅವರ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತೆಂದೇ ಕಾನೂನು ಎಣಿಸುತ್ತದೆ. ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವುದು ಒಳ್ಳೆಯದು. ಇವೆಲ್ಲಕ್ಕೂ ಎರಡು ತಿಂಗಳಾದರೂ ಹಿಡಿಯುತ್ತದೆ. ಆದ್ದರಿಂದ ಕರಾರುಪತ್ರದ ಅವಧಿಯನ್ನು ಮೂರು ತಿಂಗಳಿಗಿಂತ ಕಡಿಮೆ ಇಡಬಾರದು. ದಾಖಲೆಯಲ್ಲಿ ದೋಷ ಕಂಡರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದೆಂಬ ಮಾತನ್ನು ಅದರಲ್ಲೇ ಬರೆಸಿ, ಆ ಮುಂಗಡವನ್ನೂ ಬ್ಯಾಂಕಿನ ಮೂಲಕವೇ ಕೊಡಬೇಕು.